ಹರಳಿಗಲ್ಲ, ಎಳೆಗೆ: ವಾಸನೆ ತಡೆಯುವ ಹಾಸಿಗೆ ಪ್ಯಾಡ್ ಕಟ್ಟಿದ ಲೆಕ್ಕ

ಅಮ್ಮ ಹಾಸಿಗೆ ಹಿಡಿದು ಏಳು ತಿಂಗಳಾಯಿತು. ಪ್ಯಾಡ್ ಬದಲಿಸಲು ಬಗ್ಗಿದಾಗಲೆಲ್ಲ "ಹತ್ತಿರ ಬರಬೇಡ ಕಣೋ, ವಾಸನೆ" ಅನ್ನುತ್ತಿದ್ದಳು. ಒದ್ದೆಯಾದದ್ದಕ್ಕಿಂತ ಆ ಘಾಟಿನದೇ ಅವಳಿಗೆ ಹೆಚ್ಚು ಸಂಕೋಚ. ಅಂಗಡಿಯ ಪ್ಯಾಡ್‌ಗಳು ನೀರನ್ನೇನೋ ಚೆನ್ನಾಗಿಯೇ ಹೀರುತ್ತಿದ್ದವು. ವಾಸನೆಯ ವಿಷಯದಲ್ಲಿ ಮಾತ್ರ ಸುಗಂಧ ಸೇರಿಸಿ ಕೈತೊಳೆದುಕೊಂಡಿದ್ದವು. ಮಲ್ಲಿಗೆ ಮತ್ತು ಅಮೋನಿಯಾ ಎರಡೂ ಸೇರಿದ ವಾಸನೆ ಬರೀ ಅಮೋನಿಯಾಕ್ಕಿಂತ ಕೆಟ್ಟದ್ದು.

ಹಾಗಾಗಿ ಪ್ಯಾಡನ್ನು ನಾನೇ ಕಟ್ಟಿ ನೋಡಲು ಕೂತೆ. ಮೊದಲೇ ಒಂದು ಗೆರೆ ಎಳೆದುಕೊಂಡೆ. ನಾನು ಮಾಡುವುದು ಚರ್ಮಕ್ಕೆ ತಾಗುವ ಡಯಾಪರ್ ಅಲ್ಲ, ಮಲಗುವ ಹೊದಿಕೆಯ (ಬೆಡ್‌ಶೀಟ್) ಕೆಳಗೆ ಹಾಸುವ ಪ್ಯಾಡ್. ಮೈಗೆ ತಾಗುವ ಪದರ ಪರೀಕ್ಷೆಯಾಗಿ ಬಂದ ಮಾಲೇ ಆಗಿರಬೇಕು ಎಂದು ಮನೆಗೆ ಬರುವ ನರ್ಸ್ ಕೂಡ ಖಡಾಖಂಡಿತವಾಗಿ ಹೇಳಿದರು. ಅವರು ಹೇಳಿದ್ದು ಸರಿ. 1980ರಲ್ಲಿ ಅತಿಯಾಗಿ ಹೀರುವ ಟ್ಯಾಂಪನ್‌ಗಳಿಂದ (ಮುಟ್ಟಿನ ಸಮಯದಲ್ಲಿ ದೇಹದೊಳಗೆ ಇಡುವ ಹೀರುಬತ್ತಿ) ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂಬ ಮಾರಕ ಕಾಯಿಲೆ ಹೆಚ್ಚಿ ಸಾವುಗಳಾದವು. ಹೀರುವ ವಸ್ತುವೇ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ವಿಷ ತಯಾರಿಸಲು ಅನುಕೂಲ ಮಾಡಿಕೊಟ್ಟಿತ್ತು. ಹೆಚ್ಚು ಹೀರುವುದೇ ಹೆಚ್ಚು ಶುಚಿ ಎಂದು ನಂಬಿದವರಿಗೆ ಅದು ದೊಡ್ಡ ಪೆಟ್ಟು.

ಘಾಟು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯದೆ ಕೈ ಹಾಕಿ ಪ್ರಯೋಜನವಿಲ್ಲ. ಆಗಷ್ಟೇ ಬಂದ ಮೂತ್ರಕ್ಕೆ ಅಷ್ಟೇನೂ ವಾಸನೆ ಇರುವುದಿಲ್ಲ. ಅದರಲ್ಲಿ ಲೀಟರಿಗೆ ಸುಮಾರು 20 ಗ್ರಾಂ ಯೂರಿಯಾ ಕರಗಿರುತ್ತದೆ. ಪ್ರೋಟಿಯಸ್‌ನಂಥ ಕೆಲವು ಬ್ಯಾಕ್ಟೀರಿಯಾಗಳ ಬಳಿ ಯೂರಿಯೇಸ್ ಎಂಬ ಕಿಣ್ವವಿದೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. 1 ಗ್ರಾಂ ಯೂರಿಯಾ ಪೂರ್ತಿ ಒಡೆದರೆ 0.57 ಗ್ರಾಂ ಅಮೋನಿಯಾ. ಅಮೋನಿಯಾ ಹೆಚ್ಚಿದಂತೆ ಪಿಎಚ್ (ಆಮ್ಲ-ಕ್ಷಾರದ ಅಳತೆ; ಅಂಕಿ ಕಡಿಮೆಯಾದಷ್ಟೂ ಹೆಚ್ಚು ಆಮ್ಲ) ಏರುತ್ತದೆ. ನಮ್ಮ ಚರ್ಮ ಸುಮಾರು 5.5ರ ಪಿಎಚ್‌ನಲ್ಲಿ ನೆಮ್ಮದಿಯಾಗಿರುತ್ತದೆ. ಪಿಎಚ್ ಅದಕ್ಕಿಂತ ಏರಿದರೆ ಮಲದಲ್ಲಿರುವ ಪ್ರೋಟಿಯೇಸ್, ಲೈಪೇಸ್ ಕಿಣ್ವಗಳು ಚುರುಕಾಗಿ ಚರ್ಮವನ್ನೇ ಕೆರೆಯತೊಡಗುತ್ತವೆ. ಡಯಾಪರ್ ದದ್ದು ಏಳುವುದರ ಹಿಂದೆ ಇದೂ ಒಂದು ಕಾರಣ. ಅಂದರೆ ಮೂಗಿಗೆ ಬಡಿಯುವ ಘಾಟು ಚರ್ಮ ಕೆಡುತ್ತಿರುವುದರ ಸುಳಿವೂ ಹೌದು.

ಮೊದಲ ವಾರ: ಬಿಚ್ಚಿದ್ದು

ಹೊಸ ಡಯಾಪರ್ ಒಂದನ್ನು ಮೇಜಿನ ಮೇಲೆ ಕತ್ತರಿಸಿ ತೆರೆದೆ. ಮೇಲೆ ಪಾಲಿಪ್ರೊಪಿಲೀನ್‌ನ ನಾನ್‌ವೋವನ್ (ನೇಯದ) ಬಟ್ಟೆ. ಅದರ ಕೆಳಗೆ ಬಂದ ದ್ರವವನ್ನು ಬೇಗ ಹಿಡಿದು ಉದ್ದಕ್ಕೂ ಹರಡುವ ತೆಳು ಪದರ. ಅದರ ಕೆಳಗೆ ಕೋರ್: ಮರದ ನಾರಿನ ಫ್ಲಫ್ ಮತ್ತು ಸಕ್ಕರೆಯಂತೆ ಕಾಣುವ ಹರಳು. ಎಲ್ಲಕ್ಕೂ ಕೆಳಗೆ ಸೋರದ ಪಾಲಿಥೀನ್ ಹಾಳೆ. ಆ ಹರಳೇ ಸೋಡಿಯಂ ಪಾಲಿಅಕ್ರಿಲೇಟ್, ಕಾರ್ಖಾನೆಯವರ ಬಾಯಲ್ಲಿ ಎಸ್‌ಎಪಿ, ಅಂದರೆ ಅತಿಯಾಗಿ ಹೀರುವ ಪಾಲಿಮರ್.

ಕೋರನ್ನು ಜಿಪ್ ಚೀಲಕ್ಕೆ ಹಾಕಿ ಐದು ನಿಮಿಷ ಕುಲುಕಿದರೆ ಹರಳು ತಳಕ್ಕೆ ಇಳಿಯುತ್ತದೆ. ಮುಖಕ್ಕೆ ಮಾಸ್ಕ್ ಕಟ್ಟಿಕೊಳ್ಳಿ, ಆ ಧೂಳು ಉಸಿರಿನೊಳಗೆ ಹೋಗಬಾರದು. ಉಳಿದ ಹರಳನ್ನು ಸಿಂಕಿಗೆ ಸುರಿಯಲೇಬೇಡಿ, ಪೈಪಿನೊಳಗೆ ಉಬ್ಬಿ ಕೂತುಬಿಡುತ್ತದೆ. ಚೆಲ್ಲಿ ಉಬ್ಬಿದ ಜೆಲ್ ಮೇಲೆ ಉಪ್ಪು ಚಿಮುಕಿಸಿದರೆ ನೀರು ಬಿಟ್ಟು ಕುಗ್ಗುತ್ತದೆ. ಆಮೇಲೆ ಬಾಚಿ ಕಸಕ್ಕೆ ಹಾಕಬಹುದು.

ಈ ಉಪ್ಪಿನ ವಿಷಯವೇ ಮುಂದಿನ ಎಲ್ಲಕ್ಕೂ ಬೀಗದ ಕೈ ಆಯಿತು. 0.2 ಗ್ರಾಂ ಹರಳನ್ನು ಖಾಲಿ ಟೀ ಬ್ಯಾಗಿಗೆ ಹಾಕಿ ಅರ್ಧ ಗಂಟೆ ಅದ್ದಿ, ಹತ್ತು ನಿಮಿಷ ತೂಗುಹಾಕಿ ತೂಗಿದೆ. ಹರಳಿಲ್ಲದ ಒದ್ದೆ ಬ್ಯಾಗಿನ ತೂಕವನ್ನು ಕಳೆದೆ. ಬಟ್ಟಿ ಇಳಿಸಿದ ನೀರಿನಲ್ಲಿ ಗ್ರಾಂ ಹರಳಿಗೆ 280 ಗ್ರಾಂ. ಲೀಟರಿಗೆ 9 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ ಬರೀ 52. ಪಾಲಿಮರ್ ಸರಪಳಿಗೆ ಅಂಟಿಕೊಂಡಿರುವ ಋಣ ಆವೇಶಗಳು ಒಂದನ್ನೊಂದು ದೂಡುತ್ತವೆ, ಅವುಗಳ ಜೊತೆಗಿರುವ ಸೋಡಿಯಂ ಅಯಾನುಗಳು ಒಳಗೆ ದಟ್ಟವಾಗಿದ್ದು ನೀರನ್ನು ಎಳೆದುಕೊಳ್ಳುತ್ತವೆ. ಹೊರಗಿನ ನೀರಿನಲ್ಲೂ ಉಪ್ಪಿದ್ದರೆ ಆ ಎಳೆತ ಸಡಿಲವಾಗುತ್ತದೆ. "ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ" ಎಂಬ ಜಾಹೀರಾತಿನ ಮಾತು ಬಟ್ಟಿ ಇಳಿಸಿದ ನೀರಿಗೆ ಸರಿ, ಮೂತ್ರಕ್ಕಲ್ಲ.

ಎರಡನೇ ವಾರ: ವಾಸನೆಗೆ ಅಳತೆಗೋಲು

ಮನೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಕೆಲಸಕ್ಕೆ ನಾನು ಇಳಿಯಲಿಲ್ಲ, ಹಾಸಿಗೆ ಹಿಡಿದವರಿರುವ ಮನೆಯಲ್ಲಂತೂ ಇಳಿಯಬಾರದು. ಆದರೆ ಯೂರಿಯೇಸ್ ಬ್ಯಾಕ್ಟೀರಿಯಾದ ಸ್ವತ್ತು ಮಾತ್ರವಲ್ಲ. ಹಸಿ ಸೋಯಾಬೀನ್‌ನಲ್ಲಿ, ಕಲ್ಲಂಗಡಿ ಬೀಜದಲ್ಲಿ ಅದು ಧಾರಾಳವಾಗಿದೆ. 1926ರಲ್ಲಿ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಎಂಬ ಕಾಳಿನಿಂದ ಇದೇ ಯೂರಿಯೇಸನ್ನು ಹರಳುಗಟ್ಟಿಸಿ ಕಿಣ್ವವೆಂದರೆ ಪ್ರೋಟೀನ್ ಎಂದು ತೋರಿಸಿದರು. ಕಿಣ್ವವೊಂದು ಹರಳಾದದ್ದು ಅದೇ ಮೊದಲು. ಅದಕ್ಕೆ 1946ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಬಂತು. ಅದೇ ಕಿಣ್ವ ಈಗ ನನ್ನ ಗಾಜಿನ ಬಾಟಲಿಯಲ್ಲಿ.

ಪರೀಕ್ಷೆಯ ದ್ರವ: ಒಂದು ಲೀಟರ್ ನೀರು, 9 ಗ್ರಾಂ ಉಪ್ಪು, 20 ಗ್ರಾಂ ಯೂರಿಯಾ, ಹರಡುವುದು ಕಣ್ಣಿಗೆ ಕಾಣಲಿ ಎಂದು ಒಂದು ಹನಿ ನೀಲಿ ಬಣ್ಣ. 10 ಗ್ರಾಂ ಸೋಯಾ ಪುಡಿಯನ್ನು 100 ಮಿಲಿಲೀಟರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಸೋಸಿ, ಹತ್ತು ಪಾಲು ದ್ರವಕ್ಕೆ ಒಂದು ಪಾಲಿನಂತೆ ಸುರಿಯುವ ಮುಂಚೆ ಮಾತ್ರ ಬೆರೆಸಬೇಕು. ಪ್ರತಿ ಮಾದರಿ ಪ್ಯಾಡ್ 10 ಸೆಂಟಿಮೀಟರ್ ಚೌಕ: 6 ಗ್ರಾಂ ನಾರು, 3 ಗ್ರಾಂ ಹರಳು, ಅದರ ಮೇಲೆ 50 ಮಿಲಿಲೀಟರ್ ದ್ರವ. ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಮುಚ್ಚಳದ ಒಳಮೈಗೆ ಒದ್ದೆ ಮಾಡಿದ ಅರಿಶಿನದ ಕಾಗದ ಅಂಟಿಸುವುದು. ಅಮೋನಿಯಾ ಮೇಲೇರಿ ತಾಗಿದರೆ ಹಳದಿ ಕೆಂಪಾಗುತ್ತದೆ. ಕೆಂಪಾಗಲು ಎಷ್ಟು ಹೊತ್ತು ಹಿಡಿಯಿತು ಎಂಬುದೇ ನನ್ನ ಅಳತೆ.

ಮೊದಲ ಎರಡು ದಿನ ಯಾವ ಕಾಗದವೂ ಕೆಂಪಾಗಲಿಲ್ಲ. ಏನೂ ಸೇರಿಸದ ಸಾದಾ ಪ್ಯಾಡಿನದೂ ಇಲ್ಲ. ಖುಷಿಪಡಬೇಕಾದ್ದಲ್ಲ ಅದು, ಅಳತೆಗೋಲೇ ಮುರಿದಿದೆ ಎಂದರ್ಥ. ತಂದಿದ್ದ ಸೋಯಾ ಪುಡಿ ಹುರಿದು ಮಾಡಿದ್ದು. ಬಿಸಿಗೆ ಯೂರಿಯೇಸ್ ಸತ್ತುಹೋಗಿತ್ತು. ಪಶು ಆಹಾರದ ಸೋಯಾ ಹಿಂಡಿ ಸರಿಯಾಗಿ ಬೆಂದಿದೆಯೇ ಎಂದು ನೋಡಲು ಅದರಲ್ಲಿ ಯೂರಿಯೇಸ್ ಉಳಿದಿದೆಯೇ ಎಂದೇ ಪರೀಕ್ಷಿಸುತ್ತಾರೆ ಎಂಬುದು ಆಗ ನೆನಪಾಯಿತು. ಹಸಿ ಕಾಳು ತಂದು ನಾನೇ ಪುಡಿ ಮಾಡಿದೆ. ಈಗ ಬರೀ ಹತ್ತಿಯ ಪ್ಯಾಡ್ 25 ನಿಮಿಷಕ್ಕೆ ಕೆಂಪು, ಹತ್ತಿ ಮತ್ತು ಹರಳಿನದು 55 ನಿಮಿಷಕ್ಕೆ. ಹರಳು ತಾನೇ ಒಂದಿಷ್ಟು ಅಮೋನಿಯಾ ನುಂಗುತ್ತದೆ. ಮಾರುಕಟ್ಟೆಯ ಪಾಲಿಅಕ್ರಿಲೇಟ್‌ನಲ್ಲಿ ಆಮ್ಲದ ಗುಂಪುಗಳನ್ನು ಪೂರ್ತಿ ಸೋಡಿಯಂ ಮಾಡಿರುವುದಿಲ್ಲ, ಸಾಮಾನ್ಯವಾಗಿ ನೂರಕ್ಕೆ ಎಪ್ಪತ್ತರ ಆಸುಪಾಸು ಅಷ್ಟೇ. ಉಳಿದವು ಆಮ್ಲವಾಗಿಯೇ ಕೂತಿರುತ್ತವೆ.

ಮೂರನೇ ವಾರ: ಹರಳಿಗೆ ಹಚ್ಚಿ ಕೆಟ್ಟದ್ದು

ಯೂರಿಯೇಸ್ ಆಮ್ಲದಲ್ಲಿ ಮಂಕಾಗುತ್ತದೆ. ಹಾಗಾದರೆ ಕೋರ್ ಮೇಲೆ ಸಿಟ್ರಿಕ್ ಆಮ್ಲ ಸಿಂಪಡಿಸಿ ಒಣಗಿಸಿದರೆ ಮುಗಿಯಿತಲ್ಲ ಎಂದುಕೊಂಡೆ. ಕಾಗದ ಎಂಟು ಗಂಟೆಯಾದರೂ ಹಳದಿಯಾಗಿಯೇ ಇತ್ತು. ಆದರೆ ಪ್ಯಾಡನ್ನು ಬೆರಳಿನಿಂದ ಒತ್ತಿದರೆ ನೀಲಿ ನೀರು ಜಿನುಗಿತು. ಅದೇ ಹರಳಿನ ಟೀ ಬ್ಯಾಗ್ ಅಳತೆ 52ರಿಂದ 29ಕ್ಕೆ ಇಳಿದಿತ್ತು. ಆಮ್ಲದ ಪ್ರೋಟಾನ್‌ಗಳು ಸರಪಳಿಯ ಋಣ ಆವೇಶಗಳ ಮೇಲೆ ಹೋಗಿ ಕೂತವು. ಆವೇಶ ಹೋಯಿತು, ದೂಡುವಿಕೆ ಹೋಯಿತು, ಉಬ್ಬುವುದೂ ಹೋಯಿತು. ಒದ್ದೆಯಾಗಿ ಉಳಿಯುವ ಪ್ಯಾಡ್ ವಾಸನೆ ಇಲ್ಲದಿದ್ದರೂ ಯಾರಿಗೆ ಬೇಕು?

ಸತುವಿನ ಲವಣ ಇನ್ನೂ ಕೆಟ್ಟದ್ದು ಮಾಡಿತು. ಸತುವಿಗೆ ಬ್ಯಾಕ್ಟೀರಿಯಾ ತಡೆಯುವ ಗುಣವಿದೆ ನಿಜ. ಆದರೆ ಅದರ ಅಯಾನಿಗೆ ಎರಡು ಧನ ಆವೇಶ. ಅದು ಎರಡು ಸರಪಳಿಗಳನ್ನು ಒಟ್ಟಿಗೆ ಕಟ್ಟಿಹಾಕುತ್ತದೆ. ಜೆಲ್ ಬೆಳ್ಳಗೆ, ಅಂಟುರಬ್ಬರಿನಂತೆ ಬಿಗಿದುಕೊಂಡಿತು, ಅಳತೆ 24. ಕ್ಯಾಲ್ಸಿಯಂ ಹೆಚ್ಚಿರುವ ಗಡಸು ನೀರಿನಲ್ಲಿ ಹರಳು ಸರಿಯಾಗಿ ಉಬ್ಬದಿರುವುದಕ್ಕೂ ಇದೇ ಕಾರಣ.

ಕೈಟೋಸಾನ್‌ನದು ಬೇರೆಯೇ ಪಾಡು. ಸಿಗಡಿ, ಏಡಿ ಚಿಪ್ಪಿನ ಕೈಟಿನ್‌ನಿಂದ ಬರುವ ಈ ಪಾಲಿಮರ್ ಆಮ್ಲದಲ್ಲಿ ಧನ ಆವೇಶ ಪಡೆದು ಬ್ಯಾಕ್ಟೀರಿಯಾದ ಹೊರಪೊರೆಗೆ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ತೆಳು ಅಸಿಟಿಕ್ ಆಮ್ಲದಲ್ಲಿ ಕರಗಿಸಿ ಹರಳಿಗೆ ಸಿಂಪಡಿಸಿದೆ. ಹರಳು ಋಣ, ಕೈಟೋಸಾನ್ ಧನ. ಎರಡೂ ಅಪ್ಪಿಕೊಂಡು ಪ್ರತಿ ಹರಳಿನ ಸುತ್ತ ಸಿಪ್ಪೆ ಕಟ್ಟಿತು. ದ್ರವ ಸುರಿದರೆ ಮೇಲಿನ ಹರಳುಗಳು ಅಂಟಿಕೊಂಡು ಗೋಡೆಯಾದವು, ಕೆಳಗಿನವು ಒಣಗಿಯೇ ಉಳಿದವು.

ಬ್ಯಾಕ್ಟೀರಿಯಾ ಕೊಲ್ಲುತ್ತದೆಂದು ಹೆಸರಾದ ಬೆಳ್ಳಿಯನ್ನು ನಾನು ಮುಟ್ಟಲಿಲ್ಲ. ಮೂತ್ರದಲ್ಲಿ ಕ್ಲೋರೈಡ್ ತುಂಬಿದೆ, ಬೆಳ್ಳಿಯ ಅಯಾನು ಸಿಕ್ಕಿದ ಕೂಡಲೇ ಬೆಳ್ಳಿಯ ಕ್ಲೋರೈಡ್ ಆಗಿ ತಳಕ್ಕಿಳಿಯುತ್ತದೆ. ಅಲ್ಲದೆ ದಿನಕ್ಕೆ ನಾಲ್ಕೈದು ಬಾರಿ ಎಸೆಯುವ ವಸ್ತುವಿಗೆ ಬೆಳ್ಳಿ ಹಾಕಿ ಕಸದ ಗುಂಡಿಗೆ ಕಳಿಸುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಟ್ರೈಕ್ಲೋಸಾನ್ ಎಂಬ ಬ್ಯಾಕ್ಟೀರಿಯಾ ನಾಶಕದ ಮಾತೇ ಬೇಡ. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಅದನ್ನು ಸಾಮಾನ್ಯ ಬಳಕೆಯ ಆಂಟಿಸೆಪ್ಟಿಕ್ ಸೋಪುಗಳಿಂದ ಹೊರಗಿಟ್ಟಿದೆ.

ಮೂರೂ ಕೆಟ್ಟ ಮೇಲೆ ಒಂದು ರಾತ್ರಿ ಉಬ್ಬಿದ ಹರಳನ್ನು ಗಾಜಿನ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡುತ್ತಾ ಕೂತಿದ್ದೆ. ಹರಳಿನ ಜಾಲದ ಕಣ್ಣುಗಳ ಅಳತೆ ನ್ಯಾನೋಮೀಟರ್‌ಗಳಲ್ಲಿ. ಬ್ಯಾಕ್ಟೀರಿಯಾ ಮೈಕ್ರೋಮೀಟರ್ ಗಾತ್ರದ್ದು. ಅದು ಹರಳಿನೊಳಗೆ ಹೋಗಲು ಸಾಧ್ಯವೇ ಇಲ್ಲ! ಯೂರಿಯೇಸ್ ಕೂಡ ದೊಡ್ಡ ಪ್ರೋಟೀನ್, ಅದಕ್ಕೂ ಒಳಗೆ ನುಗ್ಗುವುದು ಕಷ್ಟ. ವಾಸನೆ ಹುಟ್ಟುವುದು ಹರಳುಗಳ ನಡುವೆ, ನಾರಿನ ಎಳೆಗಳ ಮೇಲೆ ಕೂತ ತೇವದಲ್ಲಿ. ನಾನು ಇಷ್ಟು ದಿನ ಔಷಧಿ ಹಚ್ಚಿದ್ದು ರೋಗವಿಲ್ಲದ ಜಾಗಕ್ಕೆ. ಹರಳನ್ನು ಅದರ ಪಾಡಿಗೆ ಬಿಟ್ಟು ಎಳೆಯನ್ನು ಹಿಡಿಯಬೇಕಿತ್ತು.

ನಾಲ್ಕನೇ ವಾರ: ಹತ್ತಿಗೆ ಆಮ್ಲ ಕಟ್ಟಿದ್ದು

ಎಳೆಗೆ ಆಮ್ಲ ಹಾಕಿದರೂ ಅದು ದ್ರವದಲ್ಲಿ ಕರಗಿ ಹರಳಿಗೇ ಹೋಗುತ್ತದೆ. ಹಾಗಾಗದಂತೆ ಅದನ್ನು ಎಳೆಗೆ ಕಟ್ಟಬೇಕು. ದಾರಿ ಇದೆ. ಸಿಟ್ರಿಕ್ ಆಮ್ಲಕ್ಕೆ ಮೂರು ಆಮ್ಲ ಗುಂಪುಗಳು. ಬಿಸಿ ಮಾಡಿದರೆ ಅದು ಸೆಲ್ಯುಲೋಸ್‌ನ ಹೈಡ್ರಾಕ್ಸಿಲ್ ಜೊತೆ ಎಸ್ಟರ್ ಬಂಧ ಕಟ್ಟುತ್ತದೆ. ಒಂದೆರಡು ಕೈ ಹತ್ತಿಯನ್ನು ಹಿಡಿದುಕೊಂಡರೆ ಉಳಿದದ್ದು ಆಮ್ಲವಾಗಿಯೇ ಹೊರಗೆ ಚಾಚಿರುತ್ತದೆ. ಜವಳಿಯವರು ಬಟ್ಟೆ ಸುಕ್ಕಾಗದಿರಲೆಂದು ಇದೇ ವಿಧಾನ ಬಳಸಿದ್ದಾರೆ.

ಅವರು ವೇಗವರ್ಧಕವಾಗಿ ಸೋಡಿಯಂ ಹೈಪೋಫಾಸ್ಫೈಟ್ ಹಾಕುತ್ತಾರೆ. ನಾನು ಹಾಕಲಿಲ್ಲ, ಮನೆಯಲ್ಲಿ ನೀವೂ ಹಾಕಬೇಡಿ: ಅದು ಅತಿಯಾಗಿ ಕಾದರೆ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಅದಿಲ್ಲದೆ ಬಂಧ ಕಡಿಮೆ ಬೀಳುತ್ತದೆ, ಬೀಳಲಿ. ಅಡುಗೆಗೆ ಬಳಸದ ಹಳೆಯ ಓವನ್ ಒಂದನ್ನು ಕಿಟಕಿ ಪಕ್ಕ ಇಟ್ಟೆ. 20 ಗ್ರಾಂ ಸರ್ಜಿಕಲ್ ಹತ್ತಿಯನ್ನು ಶೇಕಡ 7ರ ಸಿಟ್ರಿಕ್ ದ್ರಾವಣದಲ್ಲಿ ಅದ್ದಿ, ಹಿಂಡಿ, ಬಿಡಿಸಿ ಹರಡಿ ಒಣಗಿಸಿ, 160 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟೆ. ಆಮೇಲೆ ತೊಳೆದ ನೀರು ಪಿಎಚ್ ಪಟ್ಟಿಯಲ್ಲಿ ಬದಲಾಗದಷ್ಟು ಸಲ ತೊಳೆದು, ಒಣಗಿಸಿ ತೂಗಿದೆ: 21.1 ಗ್ರಾಂ. ಆ 1.1 ಗ್ರಾಂ ತೊಳೆದರೂ ಹೋಗದೆ ಉಳಿದ ಆಮ್ಲ.

140 ಡಿಗ್ರಿಯಲ್ಲಿ ಏನೂ ಕಟ್ಟಿಕೊಳ್ಳಲಿಲ್ಲ ಅನ್ನಬಹುದು. 175ರಲ್ಲಿ ಹತ್ತಿ ಕಂದುಹಳದಿಯಾಗಿ, ಬೆರಳಿನಲ್ಲಿ ಉಜ್ಜಿದರೆ ಪುಡಿಯಾಯಿತು. ದ್ರಾವಣವನ್ನು ಶೇಕಡ 12 ಮಾಡಿದಾಗಲೂ ಅದೇ ಗತಿ. ಓವನ್ನಿನ ಗುಂಡಿಯ ಮೇಲಿನ ಅಂಕಿಯನ್ನು ನಂಬಬೇಡಿ; ನನ್ನದು 160 ಎಂದಾಗ ಒಳಗೆ 172 ಇತ್ತು. ಬೇರೆ ಥರ್ಮಾಮೀಟರ್ ಇಟ್ಟ ಮೇಲೆಯೇ ಹತ್ತಿಯ ಕಂತುಗಳು (ಒಂದೊಂದು ಸಲಕ್ಕೆ ಮಾಡಿದ್ದು) ಒಂದರಂತೆ ಒಂದು ಬಂದವು.

ಈ ಹತ್ತಿಯಿಂದ ಕಟ್ಟಿದ ಪ್ಯಾಡಿನ ಕಾಗದ 2 ಗಂಟೆ 10 ನಿಮಿಷಕ್ಕೆ ಕೆಂಪಾಯಿತು. ಹರಳಿನ ಅಳತೆ 51, ಅಂದರೆ ನಷ್ಟವೇ ಇಲ್ಲ. ಇನ್ನೊಂದು ಲಾಭ ನಾನು ಹುಡುಕದೆಯೇ ಸಿಕ್ಕಿತು. ಸಾದಾ ಹತ್ತಿ ಒದ್ದೆಯಾದರೆ ಮುದ್ದೆಯಾಗಿ ಕುಸಿಯುತ್ತದೆ. ಆಮ್ಲ ಕಟ್ಟಿದ ಹತ್ತಿ ಒದ್ದೆಯಾದರೂ ಸೆಟೆದು ನಿಲ್ಲುತ್ತದೆ, ಎಳೆಗಳ ನಡುವೆ ಜಾಗ ಉಳಿಯುತ್ತದೆ, ಎರಡನೇ ಸಲ ಸುರಿದ ದ್ರವವೂ ಸಲೀಸಾಗಿ ಕೆಳಗೆ ಇಳಿಯುತ್ತದೆ. ಡಯಾಪರ್ ತಯಾರಕರು ಹೀಗೆ ಅಡ್ಡಬಂಧ ಹಾಕಿದ ಸುರುಳಿ ನಾರನ್ನು ದ್ರವ ಹಿಡಿದು ಹರಡುವ ಮೇಲಿನ ಪದರಕ್ಕೆ ಬಳಸುವುದುಂಟು. ವಾಸನೆಗೆಂದು ಮಾಡಿದ ಹತ್ತಿ ಆ ಪದರದ ಕೆಲಸವನ್ನೂ ಮಾಡತೊಡಗಿತು. ಹತ್ತು ನಿಮಿಷ ಬಿಟ್ಟು ಮೇಲೆ ಒಣ ಫಿಲ್ಟರ್ ಕಾಗದ ಜೋಡಿಸಿ 2 ಕಿಲೋ ತೂಕ ಇಟ್ಟು (ಸುಮಾರು 2 ಕಿಲೋಪಾಸ್ಕಲ್ ಒತ್ತಡ) ವಾಪಸ್ ಬಂದ ತೇವವನ್ನು ತೂಗಿದೆ: ಸಾದಾ ಪ್ಯಾಡಿನಲ್ಲಿ 3.4 ಗ್ರಾಂ, ಇದರಲ್ಲಿ 1.2.

ಆದರೂ ಎರಡು ಗಂಟೆ ಸಾಲದು. ಲೆಕ್ಕ ಹಾಕಿದರೆ ಕಾರಣ ಸ್ಪಷ್ಟ. 50 ಮಿಲಿಲೀಟರಿನಲ್ಲಿರುವ 1 ಗ್ರಾಂ ಯೂರಿಯಾದಿಂದ 33 ಮಿಲಿಮೋಲ್ (ಅಣುಗಳ ಎಣಿಕೆಯ ಏಕಮಾನ) ಅಮೋನಿಯಾ ಹುಟ್ಟಬಹುದು. ನನ್ನ 6 ಗ್ರಾಂ ಹತ್ತಿಯಲ್ಲಿ ಕಟ್ಟಿಕೊಂಡ ಆಮ್ಲ ಹಿಡಿಯಬಲ್ಲದ್ದು 3 ಮಿಲಿಮೋಲ್ ಆಸುಪಾಸು. ಹುಟ್ಟಿದ ಅಮೋನಿಯಾವನ್ನೆಲ್ಲ ಹಿಡಿಯುವುದು ಇದರ ಕೈಲಾಗದ ಕೆಲಸ. ಆರಂಭದಲ್ಲಿ ಪಿಎಚ್ ತಗ್ಗಿಸಿ ಕಿಣ್ವವನ್ನು ನಿಧಾನಗೊಳಿಸುವುದು ಮಾತ್ರ ಇದರ ಶಕ್ತಿ. ನಿಜವಾದ ಪ್ಯಾಡಿನಲ್ಲಿ ಕಿಣ್ವ ಒಮ್ಮೆಗೇ ಸುರಿಯುವುದಿಲ್ಲ; ಬ್ಯಾಕ್ಟೀರಿಯಾ ಹೆಚ್ಚಿದಂತೆ ಹೆಚ್ಚುತ್ತದೆ. ಆ ಹೆಚ್ಚುವಿಕೆಗೆ ಬೇರೆ ತಡೆ ಬೇಕು.

ಐದನೇ ವಾರ: ಕೈಟೋಸಾನ್ ಮತ್ತೆ

ಈ ಸಲ ಕೈಟೋಸಾನನ್ನು ಆಮ್ಲ ಕಟ್ಟಿದ ಹತ್ತಿಗೇ ಹಾಕಿದೆ, ಶೇಕಡ 0.5ರ ತೆಳು ದ್ರಾವಣ. ಹತ್ತಿಯ ಮೇಲೆ ಈಗ ಋಣ ಗುಂಪುಗಳಿರುವುದರಿಂದ ಅದು ಚೆನ್ನಾಗಿ ಹಿಡಿದುಕೊಂಡಿತು. ಕೈಟೋಸಾನ್ ತನ್ನ ಆವೇಶವನ್ನು ಪಿಎಚ್ ಸುಮಾರು 6.5 ದಾಟಿದರೆ ಕಳೆದುಕೊಳ್ಳುತ್ತಾ ಹೋಗುತ್ತದೆ. ಆದ್ದರಿಂದ ಆಮ್ಲೀಯ ಎಳೆಯ ಮೇಲೆ ಅದಕ್ಕೆ ಹೆಚ್ಚು ಹೊತ್ತು ಕಸುವು. ಒಂದಕ್ಕೊಂದು ಒತ್ತಾಸೆ.

ಇಲ್ಲೂ ಒಂದು ಎಡವಟ್ಟಾಯಿತು. ಕೈಟೋಸಾನ್ ಹತ್ತಿಯನ್ನು ಎಲ್ಲಕ್ಕೂ ಮೇಲೆ ಇಟ್ಟಿದ್ದೆ. ಒಣಗಿದ ಕೈಟೋಸಾನ್ ಬೇಗ ಒದ್ದೆಯಾಗುವುದಿಲ್ಲ. ದ್ರವ ಮಣಿಮಣಿಯಾಗಿ ನಿಂತು ಪಕ್ಕಕ್ಕೆ ಹರಿದು ಮೇಜಿನ ಮೇಲೆ ಇಳಿಯಿತು. ಹಾಸಿಗೆಯಾಗಿದ್ದರೆ ಅಮ್ಮನ ಬೆನ್ನು ಪೂರ್ತಿ ನೆನೆಯುತ್ತಿತ್ತು. ಆಮೇಲೆ ಕ್ರಮ ಹೀಗಾಯಿತು: ಮೇಲೆ ನಾನ್‌ವೋವನ್, ಅದರ ಕೆಳಗೆ ಬರೀ ಆಮ್ಲ ಕಟ್ಟಿದ ಹತ್ತಿ, ನಂತರ ಕೈಟೋಸಾನ್ ಹತ್ತಿಯೊಳಗೆ ಹರಳು ಬೆರೆಸಿದ ಕೋರ್, ಅದನ್ನು ಸುತ್ತಿದ ಟಿಶ್ಯೂ, ಕೆಳಗೆ ಪಾಲಿಥೀನ್.  ಬೆರೆಸಿದಾಗ ಹರಳಿಗೆ ತಾಗಿದರೂ, ಒಣಗಿ ಎಳೆಗೆ ಅಂಟಿದ ಕೈಟೋಸಾನ್ ಸಿಪ್ಪೆ ಕಟ್ಟಲಿಲ್ಲ. ಹರಳಿನ ಅಳತೆ 48ಕ್ಕೆ ನಿಂತಿತು. ಅಷ್ಟು ಕೊಡಬಹುದು.

ಡಬ್ಬಿಯಲ್ಲಿ ಕೈಟೋಸಾನ್‌ನಿಂದ ಸಮಯ ಅಷ್ಟೇನೂ ಹೆಚ್ಚಲಿಲ್ಲ, 2 ಗಂಟೆ 20 ನಿಮಿಷ. ಹೆಚ್ಚಲೂ ಬಾರದು: ಸೋಯಾ ಕಿಣ್ವ ಜೀವಿಯಲ್ಲ, ಅದನ್ನು ಕೊಲ್ಲಲು ಬರುವುದಿಲ್ಲ. ನನ್ನ ಡಬ್ಬಿ ಅಳೆಯುವುದು ಅಮೋನಿಯಾವನ್ನು, ಬ್ಯಾಕ್ಟೀರಿಯಾವನ್ನಲ್ಲ. "ಬ್ಯಾಕ್ಟೀರಿಯಾ ನಿರೋಧಕ" ಎಂಬ ಪದ ಬರೆಯಬೇಕಾದರೆ ಐಎಸ್‌ಒ 20743ರಂಥ (ಬಟ್ಟೆಯ ಬ್ಯಾಕ್ಟೀರಿಯಾ ತಡೆ ಅಳೆಯುವ ಅಂತರರಾಷ್ಟ್ರೀಯ ಮಾನದಂಡ) ಪರೀಕ್ಷೆ ಬೇಕು. ತಿಳಿದ ಸಂಖ್ಯೆಯ ಬ್ಯಾಕ್ಟೀರಿಯಾ ಹಾಕಿ, ಒಂದು ದಿನ ಬೆಚ್ಚಗಿಟ್ಟು, ಉಳಿದದ್ದನ್ನು ಎಣಿಸಿ, ಸಾದಾ ನಾರಿನೊಂದಿಗೆ ಹೋಲಿಸಬೇಕು. ಪ್ಲೇಟಿನ ಮೇಲೆ ತುಂಡು ಇಟ್ಟು ಸುತ್ತ ಖಾಲಿ ವೃತ್ತ ಮೂಡಿತೇ ಎಂದು ನೋಡುವ ಸುಲಭದ ಪರೀಕ್ಷೆ ಎಳೆಗೆ ಕಟ್ಟಿಕೊಂಡ ವಸ್ತುವಿಗೆ ನ್ಯಾಯ ಮಾಡದು, ಏಕೆಂದರೆ ಅದು ಹೊರಗೆ ಹರಡುವುದೇ ಇಲ್ಲ. ಈ ಹತ್ತಿಯ ಮಾದರಿಗಳನ್ನು ಚೀಲ ಕಟ್ಟಿ, ಕಂತಿನ ಸಂಖ್ಯೆ ಬರೆದು, ಎಣಿಕೆಗಾಗಿ ಎತ್ತಿಟ್ಟಿದ್ದೇನೆ. ಅಲ್ಲಿಯವರೆಗೆ ನನ್ನ ಪುಸ್ತಕದಲ್ಲಿ ಇದರ ಹೆಸರು "ವಾಸನೆ ತಡೆ ಪ್ಯಾಡ್" ಅಷ್ಟೇ.

ಹಾಸಿಗೆಯ ಮೇಲೆ

ಪೂರ್ಣ ಅಳತೆಯ ಪ್ಯಾಡಿಗೆ 40 ಗ್ರಾಂ ಹತ್ತಿ, 20 ಗ್ರಾಂ ಹರಳು. ಅಂಚನ್ನು ಎರಡು ಸಲ ಮಡಚಿ ಬಿಸಿ ಅಂಟು ಹಾಕಬೇಕು; ಒಂದೇ ಮಡಿಕೆಯಾದರೆ ಪಕ್ಕಕ್ಕೆ ಮಲಗಿದಾಗ ಹರಳು ಸೋರುತ್ತದೆ. ಕೋರಿನ ನಡುವೆ ಮೂರು ಕಡೆ ಅಂಟಿನ ಚುಕ್ಕೆ ಇಡಿ, ಇಲ್ಲದಿದ್ದರೆ ಉಬ್ಬಿದ ಜೆಲ್ ಒಂದೇ ಮೂಲೆಗೆ ಜಾರಿ ಗಂಟಾಗುತ್ತದೆ, ಮಲಗಿದವರ ಸೊಂಟಕ್ಕೆ ಒತ್ತುತ್ತದೆ. 300 ಮಿಲಿಲೀಟರ್ ಪರೀಕ್ಷಾ ದ್ರವವನ್ನು ಮೂರು ಸಲ ಬಿಟ್ಟು ಬಿಟ್ಟು ಸುರಿದು, ಮೇಲೆ ಮಲಗಿ ನಾನೇ ನೋಡಿದೆ. ಹೊದಿಕೆ ಒಣಗಿತ್ತು.

ಮೂರು ವಾರದಿಂದ ಅಮ್ಮನ ಹೊದಿಕೆಯ ಕೆಳಗೆ ಇದೇ ಇದೆ. ಬದಲಿಸುವ ಹೊತ್ತನ್ನು ಮಾತ್ರ ಮುಂದೂಡಿಲ್ಲ. ವಾಸನೆ ಇಲ್ಲ ಎಂದರೆ ಒದ್ದೆಯಾಗಿಲ್ಲ ಎಂದಲ್ಲ. ಅದಕ್ಕೇ ಗೋಡೆಯ ಮೇಲೆ ವೇಳೆಯ ಚೀಟಿ ಅಂಟಿಸಿದ್ದೇನೆ. ಬೆಳಗಿನ ಜಾವದ ಪ್ಯಾಡ್ ತೆಗೆಯುವಾಗ ಪಿಎಚ್ ಪಟ್ಟಿ ಒತ್ತಿ ನೋಡುತ್ತೇನೆ. ಹಿಂದಿನ ಪ್ಯಾಡ್‌ಗಳಲ್ಲಿ 8.5, 9 ಇರುತ್ತಿತ್ತು. ಈಗ ಹೆಚ್ಚಿನ ದಿನ 6.5, ಕೆಲವು ದಿನ 7. ಮೊನ್ನೆ ಪ್ಯಾಡ್ ಬದಲಿಸಲು ಬಗ್ಗಿದಾಗ ಅಮ್ಮ ಹತ್ತಿರ ಬರಬೇಡ ಅನ್ನಲಿಲ್ಲ. ಕಿಟಕಿಯ ಪರದೆ ಸರಿಸು, ಬೆಳಕು ಬರಲಿ ಅಂದಳು.

ನಾಲ್ಕನೇ ಕಂತಿನ ಹತ್ತಿ ಈಗ ಟ್ರೇಯಲ್ಲಿ ಒಣಗುತ್ತಿದೆ. ಈ ಸಲ ದ್ರಾವಣ ಶೇಕಡ 6, ಓವನ್ನಿನಲ್ಲಿ ಹನ್ನೆರಡು ನಿಮಿಷ ಇಡುವ ಯೋಚನೆ. ಹಳದಿ ಬಣ್ಣ ಇನ್ನಷ್ಟು ಕಡಿಮೆಯಾಗಿ ಕಟ್ಟಿಕೊಂಡ ತೂಕ ಅಷ್ಟೇ ಉಳಿಯುತ್ತದೆಯೇ ನೋಡಬೇಕು.